ಮಾಪುಲಾದಲ್ಲಿ ಇಳಿದ ಹನ್ನೊಂದು ಜನ

ಮನಿಲಾದ ಆ ರೈಲಿನಲ್ಲಿ ನಿಲ್ದಾಣದ ಹೆಸರು ಹೇಳುವ ಹೆಂಗಸಿನ ದನಿಗೆ ಎಂಟು ತಿಂಗಳಿಂದ ಒಂದೇ ಚಾಳಿ. ಮಾಪುಲಾ ಬಂದು, ಇಳಿಯುವವರು ಇಳಿದು, ಬಾಗಿಲು ಮುಚ್ಚಿ ರೈಲು ಹೊರಟ ಮೇಲೆ ಅವಳು ಸಾವಕಾಶವಾಗಿ "ಮಾಪುಲಾ" ಎನ್ನುತ್ತಿದ್ದಳು.

ಕಣ್ಣು ಕಾಣದ ಮಾಂಗ್ ಟೆಬಾನ್ ಇದಕ್ಕೆ ತಕ್ಕಂತೆ ಲೆಕ್ಕ ಬದಲಿಸಿಕೊಂಡ. ಅವಳು ಮಾಪುಲಾ ಎಂದೊಡನೆ ಏಳಬೇಕು. ಆಮೇಲೆ ಬಾಗಿಲು ತೆರೆದದ್ದೇ ಸಾನ್ ತೆಲ್ಮೊ. ಅಲ್ಲಿ ಅವನು ಮಾಲೀಸು ಮಾಡುವ ಅಂಗಡಿ. ಈ ಲೆಕ್ಕ ಒಂದು ದಿನವೂ ತಪ್ಪದ್ದರಿಂದ, ತೂಕಡಿಸುವ ಮಂದಿ ಕಿಟಕಿ ನೋಡುವುದನ್ನೇ ಬಿಟ್ಟು ಅವನ ಕೋಲಿನ ಸದ್ದಿಗೆ ಏಳತೊಡಗಿದರು. ಹೀಗಿದ್ದರೂ ಟೆಬಾನ್ ಪ್ರತಿ ಸೋಮವಾರ ಸ್ಟೇಷನ್ ಮಾಸ್ಟರಿಗೆ ದೂರು ಕೊಡುತ್ತಿದ್ದ. ಸರಿಮಾಡಿಯಾರೆಂಬ ಆಸೆಯಿಂದಲ್ಲ, ಬೈಯಲು ಯಾರಾದರೂ ಬೇಕಲ್ಲ.

ಆ ಭಾನುವಾರ ಹತ್ತು ಗಂಟೆಗೆ ಸಾನ್ ತೆಲ್ಮೊ ಚರ್ಚಿನಲ್ಲಿ ಗೆಳೆಯ ಡೆಲ್ಫಿನನ ಮಗಳ ಜ್ಞಾನಸ್ನಾನ, ಪಾದ್ರಿ ಕೂಸಿನ ತಲೆಗೆ ನೀರು ಹೊಯ್ಯುವ ಶಾಸ್ತ್ರ. ಜ್ಞಾನಪಿತನಾಗಿ ಮಗುವನ್ನು ಎತ್ತಿಕೊಳ್ಳಬೇಕಾದವನು ಟೆಬಾನ್. ಡೆಲ್ಫಿನನ ಭಾವ ಆರ್ಸೆನಿಯೊಗೆ ಇದರಿಂದ ಹೊಟ್ಟೆಯುರಿ. ಮಗುವನ್ನು ಈ ಕುರುಡ ಕೆಡವಿದರೆ ಯಾರು ಹೊಣೆ ಎಂದು ಮನೆಮನೆಗೆ ಹೋಗಿ ಹೇಳಿದ್ದ. ಟೆಬಾನ್ ಒಂದು ನಿಮಿಷ ತಡವಾದರೂ ಆ ಜಾಗದಲ್ಲಿ ತಾನು ನಿಲ್ಲುವುದೆಂದು ಎಲ್ಲರನ್ನೂ ಒಪ್ಪಿಸಿದ್ದ. ಮಕ್ಕಳಿಲ್ಲದ ಟೆಬಾನ್ ತಲೆದಿಂಬನ್ನು ಎದೆಗವುಚಿಕೊಂಡು ವಾರವಿಡೀ ಅಭ್ಯಾಸ ಮಾಡಿದ್ದ.

ರೈಲಿನಲ್ಲೂ ಅವನ ಮನಸ್ಸೆಲ್ಲ ಮಗುವಿನ ಮೇಲೇ ಇತ್ತು. ಹಿಂದಿನ ನಿಲ್ದಾಣಗಳ ಹೆಸರು ಯಾವಾಗ ಬಂದವೆಂದು ಅವನು ಗಮನಿಸಲಿಲ್ಲ. "ಮಾಪುಲಾ" ಎಂದಿತು ದನಿ. ಎದ್ದ, ಬಾಗಿಲು ತೆರೆಯಿತು, ಇಳಿದ. ಹಿಂದೆಯೇ ಹತ್ತು ಜನ ಆಕಳಿಸುತ್ತ ಇಳಿದರು. ರೈಲು ಹೊರಟುಹೋಯಿತು. ಮೆಟ್ಟಿಲು ಇರಬೇಕಾದ ಕಡೆ ಕೋಲಿಗೆ ಗೋಡೆ ಸಿಕ್ಕಿತು.

"ಅಯ್ಯೋ, ಇದು ಮಾಪುಲಾ ಕಣ್ರೀ," ಎಂದಳು ಹಿಂದಿದ್ದ ಮೀನು ಮಾರುವವಳು.

ನಿಲ್ದಾಣದ ಕಾವಲುಗಾರ ಹಿಗ್ಗುತ್ತ ಬಂದು ಸಿಹಿಸುದ್ದಿ ತಿಳಿಸಿದ. ನಿನ್ನೆ ರಾತ್ರಿಯಷ್ಟೇ ಎಲ್ಲ ಸರಿಯಾಗಿದೆ. ಇನ್ನು ನಿಲ್ದಾಣ ಬರುವ ಮೊದಲೇ ಹೆಸರು ಕೇಳಿಸುತ್ತದೆ. ಎಲ್ಲ ಮಾಂಗ್ ಟೆಬಾನನ ದೂರುಗಳ ಫಲ. ಇದನ್ನು ಕೇಳಿ ಮೀನಿನವಳು ಟೆಬಾನನ ಮೂರು ತಲೆಮಾರನ್ನು ವಿಚಾರಿಸಿಕೊಂಡಳು.

ಹತ್ತಕ್ಕೆ ಹತ್ತು ನಿಮಿಷ ಇತ್ತು. ಮುಂದಿನ ರೈಲಿಗೆ ಇಪ್ಪತ್ತು ನಿಮಿಷ. ಟೆಬಾನ್ ಬೆಂಚಿನ ಮೇಲೆ ಕುಸಿದ. ಎಂಟು ತಿಂಗಳು ಬೇಡಿದ್ದು ಇವತ್ತೇ ಕೈಗೂಡಬೇಕಿತ್ತೆ ಎಂದು ಅವನಿಗೆ ಅಳುವೇ ಬಂತು.

ಪಕ್ಕದಲ್ಲಿ ಯಾರೋ ಕೂತು, ತಮಗೂ ಹತ್ತಕ್ಕೆ ಸಾನ್ ತೆಲ್ಮೊದಲ್ಲಿ ಕೆಲಸವಿತ್ತೆಂದು ನಿಟ್ಟುಸಿರುಬಿಟ್ಟರು. ದನಿ ಪರಿಚಿತವಾಗಿತ್ತು. ಪ್ರತಿ ಭಾನುವಾರ ದೂರದಿಂದ ಬಂದು ಅಲ್ಲಿನ ಚರ್ಚಿನಲ್ಲಿ ಪೂಜೆ ನಡೆಸುವ ಪಾದ್ರಿ, ಫಾದರ್ ಎಲಿಸೆಯೊ.

"ಫಾದರ್, ನೀವೂ ನನ್ನ ಹಿಂದೇನೇ ಇಳಿದ್ರಾ?"

"ಎಂಟು ತಿಂಗಳಿಂದ ಹಾಗೇ ಇಳೀತಿದೀನಪ್ಪ. ಕಣ್ಣು ಬಿಡೋದೇ ಮೆಟ್ಟಿಲ ಹತ್ರ."

"ಇವತ್ತು ಮಗೂಗೆ ಜ್ಞಾನಸ್ನಾನ ಮಾಡಿಸೋಕೆ ಬೇರೆ ಯಾರಾದ್ರೂ ಇದಾರಾ?"

"ಯಾರಿದಾರೆ? ನಾನೊಬ್ಬನೇ."

ಟೆಬಾನ್ ಕಣ್ಣೊರೆಸಿಕೊಂಡ. ತಡಕಾಡಿ ಫಾದರ್ ತೋಳನ್ನು ಹುಡುಕಿ ಗಟ್ಟಿಯಾಗಿ ಹಿಡಿದ. ಮೂವತ್ತು ವರ್ಷ ಮಾಲೀಸು ಮಾಡಿದ ಕೈ. ಫಾದರ್ ಮುಖ ಕಿವುಚಿ, ನೋಯುತ್ತದೆ ಬಿಡಪ್ಪ, ನಾನೆಲ್ಲಿಗೂ ಓಡಿಹೋಗುವುದಿಲ್ಲ ಎಂದರು.

"ಕ್ಷಮಿಸಿ ಫಾದರ್, ಬಿಡಲ್ಲ," ಎಂದ ಟೆಬಾನ್. "ಈ ತೋಳು ನನ್ನ ಕೈಲಿರೋ ತನಕ ಆ ಮಗು ತಲೆ ಮೇಲೆ ಒಂದು ಹನಿ ನೀರೂ ಬೀಳಲ್ಲ."