ನನ್ನ ಸೋಲರಿಯದ ಸೂತ್ರ

ಮುಂದಿನ ತಿಂಗಳ ಹತ್ತಿಯನ್ನು ಇಂದೇ ಕೊಂಡು ಮಾರುವ ವಾಯಿದಾ ಪೇಟೆಗೆಂದು ನಾನು ಕಂಪ್ಯೂಟರಿನಲ್ಲಿ ತಾನಾಗಿ ವ್ಯಾಪಾರ ನಡೆಸುವ ಸೂತ್ರವೊಂದನ್ನು ಬರೆದೆ. ಹತ್ತು ವರ್ಷದ ಹಳೆಯ ಬೆಲೆಗಳ ಮೇಲೆ ಓಡಿಸಿದರೆ ಅದು ಒಮ್ಮೆಯೂ ಸೋಲಲಿಲ್ಲ. ಬಂದ ಲಾಭದಲ್ಲಿ ಭೂಮಂಡಲದ ಹತ್ತಿಯನ್ನೆಲ್ಲ ಕೊಂಡು, ಉಳಿದ ಚಿಲ್ಲರೆಗೆ ಚಂದ್ರನನ್ನೂ ತರಬಹುದಿತ್ತು. ನಮ್ಮಿಬ್ಬರ ಉಳಿತಾಯವನ್ನೆಲ್ಲ ಸೋಮವಾರವೇ ಸುರಿಯೋಣವೆಂದು ಅಕ್ಕನ ಮುಂದೆ ಎದೆಯುಬ್ಬಿಸಿ ನಿಂತೆ.

ವಿಮಾ ಕಚೇರಿಯಲ್ಲಿ ಅಪಾಯ ಅಳೆಯುವ ಅಕ್ಕ ಎರಡನೇ ಸಾಲಿನ ಮೇಲೆ ಬೆರಳಿಟ್ಟಳು.

"ಲೋ ಮಹಾಜ್ಞಾನಿ, ಸಂಜೆ ಬೆಲೆ ಏರಿದ್ರೆ ಕೊಳ್ಳು ಅಂತ ಬರ್ದಿದೀಯ. ಕೊಳ್ಳೋದು ಮಾತ್ರ ಅವತ್ತು ಬೆಳಗ್ಗೆ! ಸಂಜೆ ಬೆಲೆ ಬೆಳಗ್ಗೆನೇ ನಿಂಗ್ಯಾರೋ ಹೇಳಿದ್ದು?"

"ದಿವ್ಯದೃಷ್ಟಿ ಕಣಕ್ಕಾ."

"ಹಂಗಾದ್ರೆ ನನ್ನ ಕನ್ನಡಕ ಎಲ್ಲಿದೆ ಹೇಳು ನೋಡೋಣ."

ಮುಖ ಹುಳ್ಳಗೆ ಮಾಡಿಕೊಂಡು, ಕೊಳ್ಳುವುದನ್ನು ಮರುದಿನಕ್ಕೆ ತಳ್ಳಿ ಮತ್ತೆ ಪರೀಕ್ಷಿಸಿದೆ. ಚಂದ್ರ ಕೈತಪ್ಪಿಹೋದ. ಹತ್ತು ಸಲ ಕೊಂಡರೆ ಆರು ಸಲ ಸೋಲು. ಆದರೆ ನಾಲ್ಕು ಗೆಲುವುಗಳು ದೊಡ್ಡವಾದ್ದರಿಂದ ಕೊನೆಗೆ ಚೂರು ಲಾಭ ಉಳಿಯುತ್ತಿತ್ತು. ಅಕ್ಕ ಒಂದೇ ಷರತ್ತಿನ ಮೇಲೆ ಒಪ್ಪಿದಳು: ಉಳಿತಾಯದ ನೂರರಲ್ಲಿ ಒಂದು ಪಾಲು ಹೋದೊಡನೆ ಮಾರಿಬಿಡಬೇಕು. ಅದನ್ನೂ ಸೂತ್ರಕ್ಕೆ ಸೇರಿಸಿದೆ.

ಸೋಮವಾರ ಹತ್ತಿ ಕೊಂಡೆವು. ಮಧ್ಯಾಹ್ನ ಬೆಲೆ ಎಂಥಾ ರಭಸದಲ್ಲಿ ಬಿತ್ತೆಂದರೆ ನಮ್ಮ ಕಿಟಕಿಯ ಗಾಜು ಅದುರಿತು. ಒಂದು ಪಾಲು ಹೋದದ್ದೇ ತಡ, ಸೂತ್ರ ತಾನಾಗಿ ಮಾರಿತು. ಬೆಲೆ ಸಂಜೆಯವರೆಗೂ ಬೀಳುತ್ತಲೇ ಇತ್ತು. ನಮ್ಮ ತೊಂಬತ್ತೊಂಬತ್ತು ಪಾಲು ಭದ್ರ! ನಾವು ಕುಣಿದ ಕುಣಿತಕ್ಕೆ ಕೆಳಮನೆಯಾತ ಓಡಿಬಂದ.

"ಏನ್ರೀ, ಎಷ್ಟು ಗೆದ್ರಿ?"

"ಸೋತ್ವಿ!" ಎಂದಳು ಅಕ್ಕ, ನನ್ನನ್ನು ತಬ್ಬಿಕೊಂಡು. "ಹೇಳಿದಷ್ಟೇ ಸೋತ್ವಿ!"