ಗಣಪತಿ ಹಾಡಿನ ಅಳತೆ

ಹನ್ನೆರಡು ವರ್ಷದ ಹಿಂದೆ, ಹರದನಹಳ್ಳಿಯ ಮಾರಮ್ಮನ ಜಗುಲಿಯಲ್ಲಿ ರೆಕಾರ್ಡರ್ ಹಿಡಿದು ಕೂತಿದ್ದ ಕಾಲೇಜು ಮೇಡಂ ಆಶಾರಾಣಿ ಮಾತು ಕೊಟ್ಟಿದ್ದಳು: "ನಿನ್ ಹಾಡು ಒಂದು ಸೊಲ್ಲೂ ಕಳೀದಂಗೆ ಮಡಗ್ತೀನಿ ಕಣಜ್ಜಿ."

ಈಗ ಮಾರಮ್ಮನ ಗಂಟಲು ಬಿದ್ದುಹೋಗಿತ್ತು; ಮಾತಾದರೂ ಹೊರಡುತ್ತಿತ್ತು, ಹಾಡು ಹೊರಡುತ್ತಿರಲಿಲ್ಲ. ನಲವತ್ತು ನಿಮಿಷದ ಆ ಸೋಬಾನೆ ಪದ ಉಳಿದದ್ದು ಹೊಳೆನರಸೀಪುರದ ಕಾಲೇಜಿನ ಹಳೇ ಕಂಪ್ಯೂಟರಿನಲ್ಲಿ ಮಾತ್ರ. ಅದೋ, ದಿನಕ್ಕೆರಡು ಸಲ ಪ್ರಾಣ ಬಿಡುತ್ತಿತ್ತು.

ಹಾಡುಗಳನ್ನು ಹೊಸ ಡೇಟಾಬೇಸಿಗೆ ಸೇರಿಸಲು ಚನ್ನರಾಯಪಟ್ಟಣದಿಂದ ಕಂಪ್ಯೂಟರ್ ಕೆಲಸದ ನಟರಾಜ ಬಂದಿದ್ದ. ಹಾಡಿದವರ ಹೆಸರು, ಊರು ಆಗಲೇ ಕೂತಿದ್ದವು. ಪ್ರತಿ ಹೆಸರಿನ ಮುಂದಿನ ಖಾಲಿ ಖಾನೆಗೆ ದನಿ ತುಂಬುವುದಷ್ಟೇ ಬಾಕಿ.

ಮೊದಲನೆಯದು ಸಲೀಸಾಗಿ ಹೋಯಿತು. ಎರಡನೆಯದಕ್ಕೆ ಪರದೆಯ ಮೇಲೆ ಕೆಂಪಕ್ಷರ: ಡೇಟಾ ಹಿಡಿಸುತ್ತಿಲ್ಲ. ಮಾರಮ್ಮನದಕ್ಕೂ ಅದೇ.

"ಖಾನೆ ಬೇಕಾದಷ್ಟು ದೊಡ್ದಾಗೈತೆ ಮೇಡಂ. ನಡುವೆ ಸಾಗಿಸೋ ಡ್ರೈವರ್ ಸಾಫ್ಟ್‌ವೇರೇ ತಕರಾರು ಮಾಡ್ತೈತೆ."

"ಯಾಕ್ಲಾ ನಟರಾಜ, ನನ್ ಪದ ನಿನ್ ಡಬ್ಬಿಗೆ ಭಾರವಾಯ್ತಾ?" ಎಂದಳು, ತನ್ನ ಪದ ಸೇರುವುದನ್ನು ನೋಡಲು ಬಂದು ಪಕ್ಕದಲ್ಲಿ ಕೂತಿದ್ದ ಮಾರಮ್ಮ.

"ಒಂಚೂರು ಕತ್ತರಿಸಿ ಹಾಕ್ಲಾ ಮೇಡಂ?"

"ಬ್ಯಾಡ," ಎಂದಳು ಆಶಾರಾಣಿ. "ಮೊದಲು ಯಾವ್ದು ಹಾಕ್ದೆ?"

"ಗಣಪತಿ ಪದ. ಕೆಲ್ಸ ಸುರು ಮಾಡೋವಾಗ ಅವನ್ನ ಬಿಟ್ಟು ಇನ್ಯಾರನ್ನ ಹಾಕ್ಲಿ?"

"ಎಷ್ಟುದ್ದ ಅದು?"

"ನಲವತ್ತು ಸೆಕೆಂಡ್..." ನಟರಾಜ ಹಣೆ ಚಚ್ಚಿಕೊಂಡ. ಡ್ರೈವರ್‌ಗೆ ಅವನು ಅಳತೆ ಹೇಳಿರಲಿಲ್ಲ. ಅದು ಮೊದಲು ಬಂದ ಹಾಡಿನ ಉದ್ದವನ್ನೇ ಎಲ್ಲಕ್ಕೂ ಗಟ್ಟಿ ಮಾಡಿಕೊಂಡಿತ್ತು.

"ಗಣಪನ ಅಳತೇಲಿ ಹೊಲ್ಸಿದ ಅಂಗೀನ ಊರಿಗೆಲ್ಲ ತೊಡಿಸಕ್ಕೋಗಿದ್ದೆ ಕಣಜ್ಜಿ!"

"ಆ ಹೊಟ್ಟೆ ಅಳತೇನೂ ಸಾಲ್ಲಿಲ್ವೇನ್ಲಾ?"

ಉದ್ದಕ್ಕೆ ಮಿತಿಯಿಲ್ಲವೆಂದು ನಟರಾಜ ಒಂದು ಸಾಲು ಬರೆದು ಮತ್ತೆ ಓಡಿಸಿದ. ಮಾರಮ್ಮನ ಖಾನೆ ತುಂಬಿತು. ತೆರೆದು ನೋಡಿದರೆ ಬರೀ ಅಂಕಿ, ಅಕ್ಷರ. ಸುರಿದ ರಾಗಿಯ ಹಾಗೆ, ಕೊನೆಯೇ ಕಾಣದು. ಅದರಲ್ಲಿ ರಾಗವೆಲ್ಲಿ, ಉಸಿರೆಲ್ಲಿ? ಆಶಾರಾಣಿ ಹಾಡು ಕೇಳಿಸುವ ಗುಂಡಿ ಒತ್ತಿದಳು.

ಎದ್ದು ಬಂತು ದನಿ. ಬಳೆಯ ಸದ್ದು, ಜಗುಲಿಯ ಕೋಳಿ, ಸೊಲ್ಲಿನ ನಡುವೆ ಎಳೆದುಕೊಂಡ ಉಸಿರು ಕೂಡ. ನಟರಾಜ ಕುರ್ಚಿ ಬಿಟ್ಟು ಎದ್ದು ನಿಂತ. ಮಾರಮ್ಮ ತನ್ನ ಗಂಟಲಿನ ಮೇಲೆ ಕೈಯಿಟ್ಟುಕೊಂಡಳು. ಪದ ನಲವತ್ತು ನಿಮಿಷವೂ ಕೊನೆಯ ಸೊಲ್ಲಿನವರೆಗೆ ಹರಿಯಿತು.

ಒಂದು ಸೊಲ್ಲೂ ಕಳೆದಿರಲಿಲ್ಲ. ಆಶಾರಾಣಿ ಕೊಟ್ಟ ಮಾತು ನಡೆಯಿತು.