ರಾಮಾಂಜಿನಪ್ಪನ ಹಲಗೆಗಳು

ರಾಮಾಂಜಿನಪ್ಪನಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಕುಂದಾಣದ ಆ ಮನೆಗೆ ಬಂದವರೆಲ್ಲ ನಡುಮನೆಯ ಗೋಡೆ ನೋಡಿ ಮೊದಲು ಅದನ್ನೇ ಹೇಳುತ್ತಿದ್ದರು. ಸಾಲಾಗಿ ಹೊಡೆದ ಏಳು ಮೊಳೆ, ಮೊಳೆಗೊಂದು ಅಂಗೈಯಗಲದ ಹಲಗೆ, ಹಲಗೆಯ ಮೇಲೆ ಕಾದ ಸಲಾಕೆಯಿಂದ ಸುಟ್ಟು ಬರೆದ ಒಂದೊಂದು ಚಿತ್ರ. ಕುರಿ ಬರೆದದ್ದು ಮಂಚದ ಹಾಗಿತ್ತು. ಮಂಚ ಬರೆದದ್ದನ್ನು ನೋಡಿ ಒಬ್ಬ ನೆಂಟ, ಇದು ಯಾವ ಸೀಮೆಯ ಎಮ್ಮೆ ಎಂದು ವಿಚಾರಿಸಿದ್ದ.

ಯಾರಿಗಾಗಿ ಬರೆದದ್ದೋ ಅವಳಿಗೆ ಮಾತ್ರ ಅರ್ಥವಾಗುತ್ತಿತ್ತು. ಅವಳು ಅವನ ಮಗಳು ಪಿಳ್ಳಮ್ಮ. ಒಂಬತ್ತು ವರ್ಷ, ಮಾತಿಲ್ಲ. ಕಿವಿಗೇನೂ ಆಗಿರಲಿಲ್ಲ. ಹಿತ್ತಿಲಲ್ಲಿ ಒಂದು ಹುಣಸೆಬೀಜ ಬಿದ್ದರೆ ಕೇಳುತ್ತಿತ್ತು, ಹೆಸರು ಹಿಡಿದು ಹತ್ತು ಸಲ ಕೂಗಿದರೆ ಕೇಳುತ್ತಿರಲಿಲ್ಲ. ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದಿನವಿಡೀ ಹುಣಸೆಬೀಜ ಸಾಲಿಡುತ್ತಿದ್ದಳು. ಸಾಲು ಕೆಡಿಸಿದರೆ ಊರು ಕೇಳುವಂತೆ ಕಿರುಚಿ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತಿದ್ದಳು. ಇಂಥ ಮಕ್ಕಳಿಗೆ ಏನೆನ್ನಬೇಕೆಂದು ಆಗ ಡಾಕ್ಟರುಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಊರಿನವರಿಗೆ ಗೊತ್ತಿತ್ತು. ಗಾಳಿ ಅಂದರು.

ಹಲಗೆಗಳಿಗೂ ಮುಂಚೆ ಒಂದು ಚೆಂಬು ಇತ್ತು. ಸ್ನಾನಕ್ಕೆ ಏಳಿಸಿದರೆ ದಿನವೂ ರಂಪ. ಒಂದು ಬೆಳಿಗ್ಗೆ ಬೈದು, ಮುದ್ದಿಸಿ, ಎಳೆದು ಎಲ್ಲ ಮುಗಿದ ಮೇಲೆ, ರಾಮಾಂಜಿನಪ್ಪ ಬಚ್ಚಲ ಚೆಂಬು ಹಿಡಿದುಕೊಂಡು ಮಗಳ ಮುಂದೆ ಸುಮ್ಮನೆ ನಿಂತ. ಬುದ್ಧಿ ಓಡಿಸಿ ನಿಂತದ್ದಲ್ಲ, ಇನ್ನೇನೂ ತೋಚದೆ ನಿಂತದ್ದು. ಪಿಳ್ಳಮ್ಮ ಚೆಂಬನ್ನು ನೋಡಿದಳು, ಎದ್ದು ಬಚ್ಚಲಿಗೆ ಹೋದಳು. ಮಾತು ಅವಳ ಮೇಲೆ ಮಳೆಯಂತೆ ಸುರಿಯುತ್ತದೆ, ಕಣ್ಣಿಗೆ ಕಂಡದ್ದು ಮಾತ್ರ ಒಳಗೆ ಇಳಿಯುತ್ತದೆ ಎಂದು ಅವನಿಗೆ ಅಂದು ಹೊಳೆಯಿತು. ಅಲ್ಲಿಂದ ಮುಂದೆ ಊಟಕ್ಕೆ ಮುದ್ದೆಕೋಲು, ಹೊಲಕ್ಕೆ ಕುಡುಗೋಲು, ಹೀಗೆ ಒಂದೊಂದನ್ನೇ ತೋರಿಸತೊಡಗಿದ. ತೋರಿಸಿದ್ದು ಎಷ್ಟೋ ಸಲ ಅವನ ಕೈಯಲ್ಲೇ ಉಳಿದು ಹೊಲಕ್ಕೂ ಹೋಗುತ್ತಿತ್ತು.

"ಮುದ್ದೆಕೋಲು ಹುಡುಕ್ಕಂಡು ನಾನು ಹೊಲಕ್ಕೆ ಬರ್ಬೇಕಾ?" ಎಂದು ಹೆಂಡತಿ ಮುನಿತಾಯಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆ. ಯುದ್ಧದ ಕಾಲ, ದೇವನಹಳ್ಳಿ ಸಂತೆಯಲ್ಲಿ ಮಿಲಿಟರಿ ಪೆಟ್ಟಿಗೆಗಳ ಹಲಗೆ ಸಿಗುತ್ತಿತ್ತು. ರಾಮಾಂಜಿನಪ್ಪ ಒಂದು ಹೊರೆ ತಂದು, ಕೊಯ್ದು, ತೂತು ಹಾಕಿ, ದಾರ ಕಟ್ಟಿ, ಸಲಾಕೆ ಕಾಯಿಸಿದ. ಹಲಗೆಯ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಅದು ಬೂಟ್‌ಪಾಲಿಶ್ ಎಂದು ಸ್ಕೂಲು ಮೇಷ್ಟ್ರು ಓದಿ ಹೇಳಿದರು.

ಅವನು ಎರಡು ಕಟ್ಟಳೆ ಮಾಡಿಕೊಂಡ. ಗೋಡೆಗೆ ನೇತುಹಾಕಿದ್ದು ನಡೆದೇ ತೀರಬೇಕು. ಒಮ್ಮೆ ಕೆರೆಯ ಹಲಗೆ ಹಾಕಿದ ದಿನವೇ ಜಡಿಮಳೆ ಹಿಡಿಯಿತು. ಅಪ್ಪ ಮಗಳು ಗೋಣಿಚೀಲ ಹೊದ್ದುಕೊಂಡು ಹೋಗಿ ಕೆರೆ ನೋಡಿ ಬಂದರು. ಎರಡನೆಯದು, ಕೆಲಸ ಮುಗಿದ ಮೇಲೆ ಹಲಗೆಯನ್ನು ಮಗುಚಬೇಕು, ಬೂಟ್‌ಪಾಲಿಶ್ ಈಚೆಗೆ ಬರಬೇಕು. ಮಗುಚುವ ಅಧಿಕಾರ ಪಿಳ್ಳಮ್ಮನದು. ತಟ್ಟೆಯಲ್ಲಿ ಒಂದು ಕಾಳು ಉಳಿದಿದ್ದರೂ ಊಟದ ಹಲಗೆಯನ್ನು ಅವಳು ಮುಟ್ಟುತ್ತಿರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಮುಗಿಯುವ ಮುಂಚೆ ಮಗುಚಿದವಳಲ್ಲ. ಇಷ್ಟು ಪ್ರಾಮಾಣಿಕರು ಆ ಹೋಬಳಿಯಲ್ಲಿ ಇನ್ನೊಬ್ಬರಿರಲಿಲ್ಲ. ಸ್ನಾನ, ಊಟ, ಹೊಲ ಎಲ್ಲ ಸರಾಗವಾಗಿ ನಡೆಯಿತು. ಕೈಯ ಮೇಲಿನ ಹಲ್ಲಿನ ಗಾಯಗಳು ಒಣಗಿದವು.

ಇದರಿಂದ ಸಮಾಧಾನವಾಗದಿದ್ದವನು ಅಣ್ಣ ವೆಂಕಟರಾಯಪ್ಪ. ಮನೆಯ ಯಜಮಾನ, ಕೆಟ್ಟವನಲ್ಲ. ತಂದೆ ಸತ್ತಾಗ ಹನ್ನೆರಡು ವರ್ಷದ ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಸಾಕಿದವನು. ಅದಕ್ಕೇ ರಾಮಾಂಜಿನಪ್ಪ ನಲವತ್ತಾದರೂ ಅವನ ಮಾತಿಗೆ ಒಮ್ಮೆಯೂ ಇಲ್ಲ ಅಂದಿರಲಿಲ್ಲ. ಹೆಣ್ಣು ಇವಳನ್ನೇ ಮಾಡಿಕೋ ಅಂದಾಗಲೂ ಹೂಂ, ಎತ್ತು ಮಾರು ಅಂದಾಗಲೂ ಹೂಂ.

"ಹಲಗೆ ನೋಡ್ಕಂಡು ಎಷ್ಟು ವರ್ಷ ಬದುಕ್ತಾಳೆ?" ಅಂದ ವೆಂಕಟರಾಯಪ್ಪ ಆ ಉಗಾದಿ ಕಳೆದ ಮೇಲೆ. "ಮಾತು ಬರ್ಬೇಕು ಕಣೋ. ಹೋದ ಸಲ ನನ್ಗೂ ಹೇಳ್ದೆ ಏಳೇ ದಿನಕ್ಕೆ ಬಿಡಿಸ್ಕಂಡು ಬಂದೆ ನೀನು. ಈ ಸಲ ಗುಡೀಲಿ ಒಂದು ಮಂಡಲ ಪೂರ್ತಿ ಇರ್ಲಿ. ಸೋಮವಾರ ಗಾಡಿ ಕಟ್ತೀನಿ."

ನಾಲ್ಕು ವರ್ಷದ ಕೆಳಗೆ ಹೋಗಿದ್ದ ಗುಡಿ ಅದು. ಗಾಳಿ ಬಿಡಿಸಲು ಕಂಬಕ್ಕೆ ಕಟ್ಟುತ್ತಾರೆ, ಮುಖಕ್ಕೆ ಮೆಣಸಿನಕಾಯಿ ಹೊಗೆ ಹಿಡಿಯುತ್ತಾರೆ. ಏಳು ದಿನಕ್ಕೆ ಪಿಳ್ಳಮ್ಮನ ಮಣಿಕಟ್ಟಿನ ಮೇಲೆ ಹಗ್ಗದ ಬರೆ ಉಳಿದಿತ್ತು. ಇನ್ನು ನಲವತ್ತೆಂಟು ದಿನ. ರಾಮಾಂಜಿನಪ್ಪ ಈ ಸಲವೂ ಹೂಂ ಅಂದ.

ಭಾನುವಾರ ಮಧ್ಯಾಹ್ನ ಅವನು ಹೊಸ ಹಲಗೆ ಹಿಡಿದು ಕುಳಿತ. ಗಾಡಿ ಬರೆದ. ಗಾಡಿಯೆಂದರೆ ಮಗಳಿಗೆ ಪ್ರಾಣ, ಬರೀ ಗಾಡಿ ಹಾಕಿದರೆ ನಗುತ್ತಾ ಹತ್ತಿ ಕೂರುತ್ತಾಳೆ.

"ಅಷ್ಟೇ ಬರ್ದು ಕರ್ಕಂಡು ಹೋಗು, ಸಲೀಸಾಗ್ತದೆ," ಅಂದಳು ಮುನಿತಾಯಮ್ಮ. ಅವಳ ದನಿಯಲ್ಲಿ ಬೈಗುಳವಿತ್ತೋ ಅಳುವಿತ್ತೋ ಹೇಳುವುದು ಕಷ್ಟ.

ಅವನು ಸಲಾಕೆಯನ್ನು ಮತ್ತೆ ಕಾಯಿಸಿದ. ಗಾಡಿಯ ಪಕ್ಕದಲ್ಲಿ ಕಂಬ ಬರೆದ, ಕಂಬಕ್ಕೆ ಹಗ್ಗ ಬರೆದ. ಮೂರು ವರ್ಷ ಮಗಳಿಗೆ ಸುಳ್ಳು ಹೇಳದ ಗೋಡೆ ಅದು. ಅಣ್ಣನಿಗೆ ಎದುರಾಡುವ ಧೈರ್ಯವಿಲ್ಲದವನಿಗೆ ಮಗಳಿಗೆ ಮೋಸ ಮಾಡುವ ಧೈರ್ಯವೂ ಇರಲಿಲ್ಲ. ಆ ಚಿತ್ರ ಮಾತ್ರ, ನಾಚಿಕೆಗೇಡು, ಚೆನ್ನಾಗಿ ಬಂದಿತ್ತು.

ಸೋಮವಾರ ಬೆಳಿಗ್ಗೆ ಗೋಡೆಯ ಮೇಲೆ ಮೂರೇ ಹಲಗೆ. ಸ್ನಾನ, ಊಟ, ಗಾಡಿ. ಹಂಡೆಯ ಕೆಳಗೆ ಉರಿ ಹಾಕಿತ್ತು, ಬಾಗಿಲಲ್ಲಿ ಎತ್ತು ಹೂಡಿತ್ತು. ಬುತ್ತಿಗಂಟು ಹಿಡಿದು ವೆಂಕಟರಾಯಪ್ಪ ನಡುಮನೆಯಲ್ಲಿ ನಿಂತಿದ್ದ. ಪಿಳ್ಳಮ್ಮ ಎದ್ದು ಬಂದು ಗೋಡೆಯ ಮುಂದೆ ನಿಂತಳು. ಮೊದಲ ಎರಡನ್ನು ದಾಟಿ ಮೂರನೆಯದನ್ನು ಬಹಳ ಹೊತ್ತು ನೋಡಿದಳು. ಕೈ ಚಾಚಿ ಅದನ್ನು ಮಗುಚಿದಳು.

"ಇನ್ನೂ ಹೊರಟೇ ಇಲ್ಲ, ಇವ್ಳಿಗೆ ಆಗ್ಲೇ ಮುಗೀತು," ಎಂದು ದೊಡ್ಡಪ್ಪ ಹಲಗೆಯನ್ನು ನೆಟ್ಟಗೆ ಮಾಡಿದ. ಅವಳು ಮತ್ತೆ ಮಗುಚಿದಳು. ಅವನು ತಿರುಗಿಸಿದ. ಅವಳು ಮಗುಚಿದಳು. ಕಿರುಚಲಿಲ್ಲ, ಕೈ ಕಚ್ಚಿಕೊಳ್ಳಲಿಲ್ಲ. ಹೀಗೆ ಒಂಬತ್ತು ಹತ್ತು ಸಲ ನಡೆಯಿತು. ಕೊನೆಗೆ ಊರಿನ ಪಂಚಾಯಿತಿಗಳಲ್ಲಿ ಸೋಲದ ವೆಂಕಟರಾಯಪ್ಪ ಬುತ್ತಿಗಂಟು ಕೆಳಗಿಟ್ಟು ತಮ್ಮನ ಕಡೆ ತಿರುಗಿದ.

"ಏನಂತೆ ಇವ್ಳಿಗೆ? ತಪ್ಪು ಮಾಡ್ತಾವ್ಳೆ, ಹೇಳು."

"ತಪ್ಪಲ್ಲ ಅಣ್ಣಯ್ಯ. ಬರಲ್ಲ ಅಂತಾವ್ಳೆ."

"ಯಾರು ಅಂದದ್ದು?"

"ಪಿಳ್ಳಮ್ಮ ಅಂದ್ಲು. ಮಾತು ಬರ್ಬೇಕು ಅಂತಿದ್ದೆ ನೀನು, ಬಂತು." ರಾಮಾಂಜಿನಪ್ಪ ಮಗಳ ಪಕ್ಕಕ್ಕೆ ಹೋಗಿ ನಿಂತ. "ನಾನೂ ಕಳ್ಸಲ್ಲ ಅಣ್ಣಯ್ಯ."

ಅಣ್ಣ ತಮ್ಮನನ್ನು ಹೊಸಬನನ್ನು ನೋಡುವಂತೆ ನೋಡಿದ. ದೇವರಿಗೆ ಹೇಳಿಯಾಗಿದೆ, ತಾನೊಬ್ಬನೇ ಹೋಗಿ ಕಾಯಿ ಒಡೆಸಿಕೊಂಡು ಬರುತ್ತೇನೆಂದು ಗೊಣಗಿ, ಬುತ್ತಿ ಎತ್ತಿಕೊಂಡು ಗಾಡಿ ಹತ್ತಿದ.

ರಾಮಾಂಜಿನಪ್ಪ ಗೋಡೆಗೆ ಒರಗಿ ಕುಳಿತ. ಅಳು ಬಂತು, ಅತ್ತ. ಸಂತೋಷವೂ ಇತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಿತ್ತು. ಇಷ್ಟು ವರ್ಷ ತಾನು ಕಷ್ಟಪಟ್ಟು ಮಾಡಿದ ಹಲಗೆಗಳಲ್ಲಿ ಏಳು, ಉಣ್ಣು, ನಡೆ, ಮಲಗು ಎಂಬುದಲ್ಲದೆ ಬೇರೇನಿತ್ತು? ಅವಳು ತನ್ನದೊಂದು ಹೇಳಿಕೊಳ್ಳಲು ಒಂದನ್ನೂ ಮಾಡಿಕೊಟ್ಟಿರಲಿಲ್ಲ. ಇದ್ದ ಹಲಗೆಯ ಬೆನ್ನಿನಿಂದಲೇ ಅವಳು ಹೇಳಬೇಕಾಯಿತು.

ಪಿಳ್ಳಮ್ಮ ಇನ್ನೂ ಗೋಡೆಯ ಮುಂದೆಯೇ ಇದ್ದಳು. ಏನೋ ಯೋಚಿಸುವವಳಂತೆ ಸಾಲಿನ ಮೊದಲಿಗೆ ಬಂದು ಸ್ನಾನದ ಹಲಗೆಯನ್ನು ಮಗುಚಿ, ಕಾದು ನಿಂತಳು. ಮುನಿತಾಯಮ್ಮ ಗಂಡನ ಮುಖ ನೋಡಿದಳು, ಬಚ್ಚಲಿಗೆ ಹೋಗಿ ಹಂಡೆಯ ಕೆಳಗಿನ ಸೌದೆಯನ್ನು ಒಂದೊಂದಾಗಿ ಈಚೆಗೆಳೆದು ನೀರು ಚಿಮುಕಿಸಿದಳು.